ಪುಕ್ಕಟೆ ಉಯಿಲಿನ ಫೀ ಕಟ್ಟುವವರು ಯಾರು?

ಇಂಗ್ಲೆಂಡಿನಲ್ಲಿ ವರ್ಷಕ್ಕೆ ಎರಡು ತಿಂಗಳು, ಮಾರ್ಚ್‌ನಲ್ಲೊಮ್ಮೆ ಅಕ್ಟೋಬರ್‌ನಲ್ಲೊಮ್ಮೆ, 55 ದಾಟಿದವರಿಗೆ ವಕೀಲರು ಪುಕ್ಕಟೆಯಾಗಿ ಉಯಿಲು ಬರೆದುಕೊಡುತ್ತಾರೆ. ಇದಕ್ಕೆ 'ಫ್ರೀ ವಿಲ್ಸ್ ಮಂತ್' ಎಂದು ಹೆಸರು. ನವೆಂಬರ್ ಬಂತೆಂದರೆ 'ವಿಲ್ ಏಡ್' ಎಂಬ ಇನ್ನೊಂದು ಯೋಜನೆ ಶುರು. ಅದರಲ್ಲಿ ವಯಸ್ಸಿನ ಗೊಡವೆ ಇಲ್ಲ. ವಕೀಲರು ತಮ್ಮ ಫೀ ಬಿಡುತ್ತಾರೆ, ನೀವು ಆ ಹಣದ ಬದಲು ಧರ್ಮಾರ್ಥ ಸಂಸ್ಥೆಗಳಿಗೆ ಒಂದಿಷ್ಟು ದೇಣಿಗೆ ಕೊಡುತ್ತೀರಿ. ಇಂಥ ಪ್ರಕಟಣೆ ಕಣ್ಣಿಗೆ ಬಿದ್ದಾಗ ಅಲ್ಲಿರುವ ನಮ್ಮವರಿಗೆ ಮೊದಲು ಬರುವ ಅನುಮಾನ ಒಂದೇ: ವಕೀಲರು ಸುಮ್ನೆ ಯಾಕೆ ಬರೆದುಕೊಡ್ತಾರೆ?

ಸುಮ್ನೆ ಬರೆದುಕೊಡುವುದಿಲ್ಲ. ಇದರ ಹಿಂದೆ ಒಂದು ಲೆಕ್ಕಾಚಾರ ಇದೆ. ಅದರಲ್ಲಿ ಮುಚ್ಚುಮರೆ ಇಲ್ಲ, ಆದರೆ ಅದು ಗೊತ್ತಿದ್ದು ಹೋಗುವುದು ಒಳ್ಳೆಯದು. ಅದರಲ್ಲೂ ಇಂಗ್ಲೆಂಡಿನ ರೀಡಿಂಗ್ ಎಂಬ ಊರಿನಲ್ಲಿ ಒಂದು ಮನೆ, ಮೈಸೂರಿನಲ್ಲಿ ಒಂದು ಸೈಟು ಇರುವವರು ಇನ್ನೂ ಸ್ವಲ್ಪ ಜಾಸ್ತಿ ತಿಳಿದುಕೊಂಡು ಹೋಗಬೇಕು.

ನಮ್ಮ ದಸ್ತಾವೇಜಿನ ಭಾಷೆಯಲ್ಲಿ ಉಯಿಲಿಗೆ 'ಮರಣ ಶಾಸನ' ಎನ್ನುತ್ತಾರೆ. ಹೆಸರು ಕೇಳಿದರೇ ಮನೆಯವರು 'ಬಿಡ್ತು ಅನ್ನಿ' ಎನ್ನುತ್ತಾರೆ. ಹಾಗಾಗಿಯೇ ಎಷ್ಟೋ ಮನೆಗಳಲ್ಲಿ ಅದರ ಮಾತೇ ಬರುವುದಿಲ್ಲ. ಇಂಗ್ಲೆಂಡಿನ ಜನ ಈ ವಿಷಯದಲ್ಲಿ ನಮಗಿಂತ ಬಹಳ ಮುಂದೇನೂ ಇಲ್ಲ. ಅವರೂ ಮುಂದಕ್ಕೆ ಹಾಕುತ್ತಾರೆ. ಈ ಯೋಜನೆಗಳು ಹುಟ್ಟಿದ್ದೇ ಆ ಸೋಮಾರಿತನದಿಂದ.

ಮೊದಲು ಹಣದ ಹಾದಿ ನೋಡೋಣ. ಫ್ರೀ ವಿಲ್ಸ್ ಮಂತ್‌ನಲ್ಲಿ ಕೆಲವು ಧರ್ಮಾರ್ಥ ಸಂಸ್ಥೆಗಳು ಸೇರಿ ವಕೀಲರ ಫೀ ತಾವೇ ಕಟ್ಟುತ್ತವೆ. ನೀವು ಸಂಸ್ಥೆಗೆ ಏನಾದರೂ ಬಿಟ್ಟುಹೋಗಲೇಬೇಕು ಎಂಬ ಕಟ್ಟುಪಾಡಿಲ್ಲ. ಬರೆಸಿಕೊಂಡು, ಥ್ಯಾಂಕ್ಸ್ ಹೇಳಿ, ಒಂದು ಪೌಂಡೂ ಬಿಡದೆ ಎದ್ದು ಬಂದರೂ ಯಾರೂ ತಡೆಯುವುದಿಲ್ಲ. ಆದರೆ ಬಂದವರಲ್ಲಿ ಒಂದಷ್ಟು ಜನ ಬಿಡುತ್ತಾರೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಆ ನಂಬಿಕೆ ಹುಸಿಯಾಗಿಲ್ಲ. ಬ್ರಿಟನ್ನಿನ ಸಂಸ್ಥೆಗಳಿಗೆ ಹೀಗೆ ಉಯಿಲಿನ ಮೂಲಕ ಬರುವ ಹಣ ವರ್ಷಕ್ಕೆ ಸುಮಾರು 400 ಕೋಟಿ ಪೌಂಡ್. ಕ್ಯಾನ್ಸರ್ ಸಂಶೋಧನೆ, ಸಮುದ್ರದಲ್ಲಿ ಜೀವರಕ್ಷಣೆ, ನಾಯಿ ಬೆಕ್ಕುಗಳ ಆರೈಕೆ ಇವೆಲ್ಲ ನಡೆಯುತ್ತಿರುವುದು ದೊಡ್ಡ ಪಾಲು ತೀರಿಕೊಂಡವರ ದುಡ್ಡಿನಲ್ಲೇ.

ವಯಸ್ಸಿನ ಗೆರೆ 55ಕ್ಕೆ ಯಾಕೆ ಎಂಬುದಕ್ಕೂ ಇದೇ ಉತ್ತರ. ಹಣ ಹಾಕಿದವರಿಗೆ ಅದು ಒಂದಲ್ಲ ಒಂದು ದಿನ ವಾಪಸ್ ಬರಬೇಕಲ್ಲ. 30ರ ಹರೆಯದ ದಂಪತಿ ಇವತ್ತು ಬರೆಸಿದ ಉಯಿಲನ್ನು ಸಾಯುವ ಹೊತ್ತಿಗೆ ನಾಲ್ಕು ಸಲ ಬದಲಾಯಿಸಿರುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಉಯಿಲಿನ ತುರ್ತು ಎಲ್ಲರಿಗಿಂತ ಜಾಸ್ತಿ ಇರುವುದು ಎರಡು ಪುಟ್ಟ ಮಕ್ಕಳು, ಬೆಟ್ಟದಷ್ಟು ಮನೆ ಸಾಲ ಇರುವ ಆ ವಯಸ್ಸಿನವರಿಗೆ. ಅಪ್ಪ ಅಮ್ಮ ಇಬ್ಬರೂ ಒಂದೇ ಅಪಘಾತದಲ್ಲಿ ಹೋಗಿಬಿಟ್ಟರೆ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂದು ಉಯಿಲಿನಲ್ಲಿ ಬರೆದಿರದಿದ್ದರೆ ಅಲ್ಲಿನ ಕೋರ್ಟ್ ತೀರ್ಮಾನಿಸುತ್ತದೆ. ಅಜ್ಜಿ ಇರುವುದು ದಾವಣಗೆರೆಯಲ್ಲಿ. ಆ ವಯಸ್ಸಿನವರಿಗೆ ನವೆಂಬರ್‌ನ ವಿಲ್ ಏಡ್ ಸರಿಯಾದ ಜಾಗ. ಗಂಡ ಹೆಂಡತಿ ಪೈಕಿ ಒಬ್ಬರಿಗೆ 55 ಆಗಿದ್ದರೆ ಮಾತ್ರ ಫ್ರೀ ವಿಲ್ಸ್ ಮಂತ್‌ನಲ್ಲಿ ಇಬ್ಬರಿಗೂ ಅವಕಾಶ ಉಂಟು.

ವಿಲ್ ಏಡ್ ಹಳೆಯದು, 1988ರಿಂದ ಇದೆ. ಬ್ರಿಟಿಷ್ ರೆಡ್ ಕ್ರಾಸ್, ಕ್ರಿಶ್ಚಿಯನ್ ಏಡ್, ಕಣ್ಣಿನ ಆರೋಗ್ಯಕ್ಕೆ ದುಡಿಯುವ ಸೈಟ್‌ಸೇವರ್ಸ್‌ನಂಥವರು ಒಟ್ಟುಗೂಡಿ ನಡೆಸುವ ಯೋಜನೆ. ದೇಣಿಗೆ ಇಷ್ಟು ಎಂದು ಸಲಹೆ ಇರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಒಬ್ಬರಿಗೆ 120 ಪೌಂಡ್, ಗಂಡ ಹೆಂಡತಿಯ ಜೋಡಿ ಉಯಿಲಿಗೆ 200 ಪೌಂಡ್. ಇದು ಸಲಹೆಯೇ ಹೊರತು ಬಿಲ್ ಅಲ್ಲ. ಸ್ಕಾಟ್ಲೆಂಡಿನ ಕಾನೂನೇ ಬೇರೆ. ಇಂಗ್ಲೆಂಡಿನಲ್ಲಿ ಸಾಕ್ಷಿಗಳು ಇಬ್ಬರು ಬೇಕು, ಅಲ್ಲಿ ಒಬ್ಬರು ಸಾಕು. ಹಾಗಾಗಿ ಎಡಿನ್‌ಬರೋದಲ್ಲಿರುವವರು ಅಲ್ಲಿನ ವಕೀಲರನ್ನೇ ನೋಡಬೇಕು.

ಇನ್ನು ವಕೀಲರಿಗೆ ಇದರಿಂದ ಏನು ಲಾಭ? ಸಂಸ್ಥೆ ಕೊಡುವ ಫೀ ಸಣ್ಣದು. ಆದರೆ ಉಯಿಲು ಬರೆಸಿದವರು ಮುಂದೆ ಮನೆ ಮಾರುವಾಗ, ಪವರ್ ಆಫ್ ಅಟಾರ್ನಿ ಮಾಡಿಸುವಾಗ ಅಲ್ಲಿಗೇ ಬರುತ್ತಾರೆ. ನಿಜವಾದ ದುಡ್ಡು ಇರುವುದು ಸಾವಿನ ನಂತರದ ಕೆಲಸದಲ್ಲಿ. ಉಯಿಲನ್ನು ಜಾರಿಗೊಳಿಸುವವರು, ಅಂದರೆ ಎಕ್ಸಿಕ್ಯೂಟರ್, ಯಾರಿರಲಿ ಎಂದು ಕೇಳುವಾಗ 'ನಮ್ಮ ಕಚೇರಿಯ ಹೆಸರನ್ನೇ ಹಾಕಬಹುದು' ಎಂದು ಕೆಲವು ವಕೀಲರು ಮೆಲ್ಲಗೆ ಸೂಚಿಸುತ್ತಾರೆ. ಹಾಕಿದರೆ ನಿಮ್ಮ ಮಕ್ಕಳು ಮುಂದೆ ಸಾವಿರಾರು ಪೌಂಡ್ ಫೀ ಕಟ್ಟಬೇಕಾಗಿ ಬರಬಹುದು. ಮನೆಯವರ ಹೆಸರು ಹಾಕಿ. ಅವರಿಗೆ ಕಷ್ಟವಾದರೆ ಆಗ ಅವರೇ ವಕೀಲರನ್ನು ನೇಮಿಸಿಕೊಳ್ಳಲಿ.

ಉಯಿಲು ಬರೆಯದೇ ಹೋದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡ ತೀರಿಕೊಂಡರೆ ಮನೆಯ ಸಾಮಾನುಗಳ ಜೊತೆಗೆ ಮೊದಲ 3,22,000 ಪೌಂಡ್ ಹೆಂಡತಿಗೆ. ಮಿಕ್ಕಿದ್ದರಲ್ಲಿ ಅರ್ಧ ಅವಳಿಗೆ, ಇನ್ನರ್ಧ ಮಕ್ಕಳಿಗೆ. ಈ ಮಿತಿ 2023ರ ಜುಲೈಯಿಂದ ಜಾರಿಯಲ್ಲಿದೆ. ಮದುವೆಯಾಗದೆ ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದ್ದರೂ ಸಂಗಾತಿಗೆ ತಾನಾಗಿ ಏನೂ ಸಿಗುವುದಿಲ್ಲ. ಕೋರ್ಟಿನಲ್ಲಿ ಕೇಳಿ ಪಡೆಯಬೇಕು.

ಧರ್ಮಾರ್ಥ ಸಂಸ್ಥೆಗೆ ಬಿಡಬೇಕೆಂದು ಮನಸ್ಸಾದರೆ ಹೇಗೆ ಬಿಡುತ್ತೀರಿ ಎನ್ನುವುದು ಮುಖ್ಯ. 'ಇಂಥ ಸಂಸ್ಥೆಗೆ 2,000 ಪೌಂಡ್' ಎಂದು ಬರೆದರೆ ಕೆಲಸ ಸಲೀಸು. ಕೊಟ್ಟರು, ಮುಗಿಯಿತು. 'ಎಲ್ಲ ಕೊಟ್ಟು ಉಳಿದದ್ದರಲ್ಲಿ ಹತ್ತನೇ ಒಂದು ಭಾಗ' ಎಂದು ಬರೆದರೆ ಸಂಸ್ಥೆಯೂ ನಿಮ್ಮ ಆಸ್ತಿಯ ಪಾಲುದಾರ. ಮನೆ ಎಷ್ಟಕ್ಕೆ ಮಾರಿದಿರಿ, ವಕೀಲರ ಫೀ ಯಾಕೆ ಇಷ್ಟಾಯಿತು ಎಂದು ಲೆಕ್ಕ ಕೇಳುವ ಹಕ್ಕು ಅದಕ್ಕಿದೆ. ಕೇಳದೆ ಬಿಡುವುದು ಅದಕ್ಕೂ ಸುಲಭವಲ್ಲ. ಸಂಸ್ಥೆಯ ಟ್ರಸ್ಟಿಗಳು ತಮಗೆ ಬಂದದ್ದನ್ನು ದಾಕ್ಷಿಣ್ಯಕ್ಕೆ ಬಿಟ್ಟುಕೊಡುವಂತಿಲ್ಲ. 'ಪಾಪ, ಮಗಳಿಗೆ ಇರಲಿ ಬಿಡಿ' ಎನ್ನಬೇಕೆಂದರೂ ಇಂಥ ಸಂಸ್ಥೆಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನ್ನಿನ ಅನುಮತಿ ಬೇಕಾಗಬಹುದು.

ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಅಲ್ಲಿನ ಒಂದು ಪ್ರಸಿದ್ಧ ಮೊಕದ್ದಮೆ ಇದೆ. ಮೆಲಿಟಾ ಜಾಕ್ಸನ್ ಎಂಬ ತಾಯಿ 2004ರಲ್ಲಿ ತೀರಿಕೊಂಡರು. ಹದಿನೇಳನೇ ವಯಸ್ಸಿನಲ್ಲಿ ಮನೆ ಬಿಟ್ಟು ಹೋಗಿ ಪ್ರೀತಿಸಿದವನನ್ನು ಮದುವೆಯಾದ ಒಬ್ಬಳೇ ಮಗಳಿಗೆ ಏನೂ ಬಿಟ್ಟಿರಲಿಲ್ಲ. ಸುಮಾರು 4,86,000 ಪೌಂಡ್ ಆಸ್ತಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಪ್ರಾಣಿ ಪಕ್ಷಿಗಳ ಮೂರು ಸಂಸ್ಥೆಗಳಿಗೆ. ಉಯಿಲಿನಲ್ಲಿ ಏನೂ ಸಿಗದ ಮನೆಯವರು ಜೀವನಕ್ಕೆ ಪಾಲು ಕೇಳಬಹುದಾದ 1975ರ ಕಾಯ್ದೆಯಡಿ ಮಗಳು ಕೋರ್ಟಿಗೆ ಹೋದಳು. ಮೊದಲ ನ್ಯಾಯಾಧೀಶರು 50,000 ಪೌಂಡ್ ಕೊಡಿಸಿದರು. ಮೇಲಿನ ಕೋರ್ಟ್ 2015ರಲ್ಲಿ ಮನೆ ಕೊಳ್ಳಲು 1,43,000 ಪೌಂಡ್, ಅದರ ಮೇಲೆ ಬೇಕಿದ್ದರೆ 20,000 ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ 50,000ಕ್ಕೇ ತಂದು ನಿಲ್ಲಿಸಿತು. ತಾಯಿ ತೀರಿಕೊಂಡು ಹದಿಮೂರು ವರ್ಷ ಆಗಿತ್ತು. ಕಾನೂನಿನ ಪ್ರಕಾರ ಸಂಸ್ಥೆಗಳದ್ದು ತಪ್ಪಿಲ್ಲ. ಆದರೂ ಮಗಳ ಎದುರು ನಿಂತು ಅಷ್ಟು ವರ್ಷ ವಾದ ಮಾಡಿದ್ದು ನೋಡಲು ಚೆನ್ನಾಗಿರಲಿಲ್ಲ ಎನ್ನುವವರ ಪೈಕಿ ನಾನೂ ಒಬ್ಬ.

ಇನ್ನೊಂದು ಅಪಾಯ ಬೇರೆ ಕಡೆಯಿಂದ ಬರುತ್ತದೆ. ಇಂಗ್ಲೆಂಡಿನಲ್ಲಿ ಉಯಿಲು ಬರೆದುಕೊಡಲು ವಕೀಲರೇ ಆಗಬೇಕಿಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಿಕೊಂಡು ಕೂರಬಹುದು. ಇದನ್ನು ನಿಯಂತ್ರಿಸಬೇಕೆಂಬ ಶಿಫಾರಸನ್ನು ಅಲ್ಲಿನ ಸರ್ಕಾರ 2013ರಲ್ಲಿ ತಳ್ಳಿಹಾಕಿತು. ಹಾಗಾಗಿ 'ಫ್ರೀ ವಿಲ್' ಎಂದು ಕರೆದು, ಕೂರಿಸಿ, 'ನಿಮ್ಮ ಮನೆಯನ್ನು ಟ್ರಸ್ಟಿಗೆ ಹಾಕಿದರೆ ವೃದ್ಧಾಶ್ರಮದ ಖರ್ಚಿಗೆ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಅದನ್ನು ಮುಟ್ಟುವುದಿಲ್ಲ' ಎಂದು ಸಾವಿರಾರು ಪೌಂಡಿನ ಟ್ರಸ್ಟ್ ಮಾರುವ ವ್ಯಾಪಾರ ಬೆಳೆದಿದೆ. ಕೌನ್ಸಿಲ್‌ಗಳು ಇಂಥ ಕಸರತ್ತನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಈ ಬಗೆಯ ಟ್ರಸ್ಟ್‌ಗಳಲ್ಲಿ ಮನೆ ಸಿಕ್ಕಿಕೊಂಡು ಈಗ ಅದನ್ನು ಬಿಡಿಸಿಕೊಳ್ಳಲು ಮತ್ತೆ ದುಡ್ಡು ಸುರಿಯುತ್ತಿರುವ ಕುಟುಂಬಗಳಿವೆ. ಯಾರ ಹತ್ತಿರ ಹೋಗುತ್ತಿದ್ದೀರೋ ಅವರ ಹೆಸರು ಸಾಲಿಸಿಟರ್‌ಗಳ ನಿಯಂತ್ರಣ ಪ್ರಾಧಿಕಾರದ ಪಟ್ಟಿಯಲ್ಲಿದೆಯೇ ಎಂದು ನೋಡಿ. ಐದು ನಿಮಿಷದ ಕೆಲಸ. ಉಯಿಲು ಬರೆಸಲು ಹೋದವರಿಗೆ ಯಾರಾದರೂ ಟ್ರಸ್ಟ್ ತೋರಿಸಿದರೆ 'ಮನೆಯಲ್ಲಿ ಕೇಳಿ ಹೇಳ್ತೀನಿ' ಎಂದು ಎದ್ದು ಬನ್ನಿ. ಈ ಮಾತು ನಮಗೇನು ಹೊಸದೇ?

ಈಗ ನಮ್ಮವರ ವಿಷಯ. ಈ ಯೋಜನೆಗಳೆಲ್ಲ ಕೊಡುವುದು 'ಸರಳ ಉಯಿಲು'. ಎಲ್ಲ ಹೆಂಡತಿಗೆ, ಅವಳ ನಂತರ ಮಕ್ಕಳಿಗೆ, ಇಂತಿಷ್ಟು ಸಂಸ್ಥೆಗೆ, ಅಷ್ಟೇ. ಹೊರದೇಶದ ಆಸ್ತಿ ಇದ್ದರೆ ಅದು ಸರಳವಲ್ಲ. ವಕೀಲರು ಜಾಸ್ತಿ ಫೀ ಕೇಳಬಹುದು, ಅಥವಾ ಆಗುವುದಿಲ್ಲ ಎನ್ನಬಹುದು. ಹಾಗೆ ಹೇಳಿದರೆ ನಿಮ್ಮ ಅದೃಷ್ಟ. ಕಷ್ಟ ಬರುವುದು ಅವರು ಕೇಳದೆ, ನೀವು ಹೇಳದೆ ಇದ್ದಾಗ.

ಒಂದು ದಂಪತಿ ಅಂತಿಟ್ಟುಕೊಳ್ಳಿ. ರೀಡಿಂಗ್‌ನಲ್ಲಿ ಇಬ್ಬರ ಹೆಸರಿನಲ್ಲಿ ಮನೆ. ಮೈಸೂರಿನಲ್ಲಿ ಗಂಡನ ಹೆಸರಿನಲ್ಲಿ ಸೈಟು. ಬೆಂಗಳೂರಿನಲ್ಲಿ ಇಬ್ಬರ ಹೆಸರಿನಲ್ಲಿ ಫ್ಲ್ಯಾಟು. ಊರಿನಲ್ಲಿ ಅಣ್ಣತಮ್ಮಂದಿರ ಜೊತೆ ಇನ್ನೂ ಭಾಗವಾಗದ ತೆಂಗಿನ ತೋಟ. ಕೆಲವು ವರ್ಷಗಳ ಹಿಂದೆ ಊರಿಗೆ ಬಂದಾಗ ಗಂಡ ಸಬ್ ರಿಜಿಸ್ಟ್ರಾರ್ ಕಚೇರಿಯ ಹತ್ತಿರ ಪತ್ರ ಬರಹಗಾರರಿಂದ ಒಂದು ಮರಣ ಶಾಸನ ಬರೆಸಿ, ನೋಂದಣಿಯನ್ನೂ ಮಾಡಿಸಿದ್ದಾನೆ. ಸೈಟು ಮಗಳಿಗೆ ಎಂದು. ಈಗ ಅಕ್ಟೋಬರ್‌ನಲ್ಲಿ ರೀಡಿಂಗ್‌ನಲ್ಲಿ ಪುಕ್ಕಟೆ ಉಯಿಲು ಬರೆಸುತ್ತಾನೆ. ಅದರ ಮೊದಲ ಸಾಲುಗಳಲ್ಲೇ ಒಂದು ಅಚ್ಚು ಹಾಕಿದ ವಾಕ್ಯ ಇರುತ್ತದೆ: ಈ ಮುಂಚೆ ಬರೆದ ಎಲ್ಲ ಉಯಿಲುಗಳನ್ನೂ ರದ್ದು ಮಾಡಿದ್ದೇನೆ. ಅಕ್ಷರಕ್ಕೆ ಅಕ್ಷರ ಓದಿದರೆ ಮೈಸೂರಿನ ಉಯಿಲೂ ಅಲ್ಲಿಗೆ ಹೋಯಿತು. 'ಅಪ್ಪನ ಮನಸ್ಸಿನಲ್ಲಿ ಇದ್ದದ್ದು ಅದಲ್ಲ' ಎಂದು ಮಗಳು ಕೋರ್ಟಿನಲ್ಲಿ ಹೋರಾಡಬೇಕು.

ಉಲ್ಟಾ ಕೂಡ ಆಗುತ್ತದೆ. ನಮ್ಮ ದಸ್ತಾವೇಜುಗಳಲ್ಲೂ 'ಇದೇ ನನ್ನ ಕಡೆಯ ಮರಣ ಶಾಸನ, ಹಿಂದಿನವೆಲ್ಲ ರದ್ದು' ಎಂಬ ಸಾಲು ರೂಢಿಯಿಂದ ಬಂದೇ ಬರುತ್ತದೆ. ಪತ್ರ ಬರಹಗಾರರಿಗೆ ರೀಡಿಂಗ್ ಎಲ್ಲಿದೆ ಎಂದು ಗೊತ್ತಿರಬೇಕಾಗಿಲ್ಲ. ಪರಿಹಾರ ಸುಲಭ. ಎರಡು ದೇಶಕ್ಕೆ ಎರಡು ಉಯಿಲು. ಅಲ್ಲಿನದರಲ್ಲಿ 'ಇದು ಭಾರತದ ಆಸ್ತಿಗೆ ಸಂಬಂಧಿಸಿದ್ದಲ್ಲ, ಅಲ್ಲಿನ ಉಯಿಲನ್ನು ಇದು ರದ್ದು ಮಾಡುವುದಿಲ್ಲ' ಎಂದಿರಬೇಕು. ಇಲ್ಲಿನದರಲ್ಲಿ 'ಇದು ಭಾರತದ ಆಸ್ತಿಗೆ ಮಾತ್ರ' ಎಂದಿರಬೇಕು. ಈ ಎರಡು ವಾಕ್ಯಗಳಿಗಾಗಿ ನೂರಿನ್ನೂರು ಪೌಂಡ್ ಕೊಡಬೇಕಾಗಿ ಬಂದರೂ ಕೊಡಿ ಎನ್ನುತ್ತೇನೆ.

ಒಂದೇ ಇಂಗ್ಲಿಷ್ ಉಯಿಲು ಎರಡೂ ದೇಶಕ್ಕೆ ಸಾಕಾಗುವುದಿಲ್ಲವೇ? ಕಾನೂನಿನಲ್ಲಿ ಆಗಬಹುದು. ಇಲ್ಲೂ ಇಬ್ಬರು ಸಾಕ್ಷಿಗಳೇ ಬೇಕಾಗಿರುವುದು. ಆದರೆ ಇಲ್ಲಿ ಜಗಳ ಹತ್ತಿಕೊಂಡರೆ ಸಾಕ್ಷಿ ಹಾಕಿದವರಲ್ಲಿ ಬದುಕಿರುವ ಒಬ್ಬರನ್ನಾದರೂ ಕೋರ್ಟಿನಲ್ಲಿ ವಿಚಾರಿಸಬೇಕು. ಅಲ್ಲಿ ಸಾಕ್ಷಿ ಹಾಕಿದವರು ವಕೀಲರ ಕಚೇರಿಯ ಸಿಬ್ಬಂದಿ. ಇಪ್ಪತ್ತು ವರ್ಷದ ನಂತರ ಆ ರಿಸೆಪ್ಷನಿಸ್ಟ್ ಹೆಂಗಸನ್ನು ಹುಡುಕಿ ಮೈಸೂರಿನ ಕೋರ್ಟಿನ ಮುಂದೆ ತರುವವರು ಯಾರು?

ಬೆಂಗಳೂರಿನ ಫ್ಲ್ಯಾಟಿನದು ಇನ್ನೊಂದು ಕಥೆ. ಇಂಗ್ಲೆಂಡಿನಲ್ಲಿ ಗಂಡ ಹೆಂಡತಿ 'ಜಾಯಿಂಟ್ ಟೆನೆಂಟ್ಸ್' ಆಗಿ ಮನೆ ಕೊಂಡಿದ್ದರೆ ಒಬ್ಬರು ಹೋದಾಗ ಇಡೀ ಮನೆ ತಾನಾಗಿ ಇನ್ನೊಬ್ಬರದಾಗುತ್ತದೆ. ಉಯಿಲು ಬೇಕಾಗಿಯೇ ಇಲ್ಲ. ಇಲ್ಲೂ ಹಾಗೇ ಎಂದುಕೊಂಡವರು ಬಹಳ. ಇಲ್ಲಿ ಸಾಮಾನ್ಯ ಕ್ರಯಪತ್ರದಲ್ಲಿ ಇಬ್ಬರ ಹೆಸರಿದ್ದರೆ ತಲಾ ಅರ್ಧ ಎಂದೇ ಲೆಕ್ಕ. ಗಂಡ ಉಯಿಲಿಲ್ಲದೆ ಹೋದರೆ ಅವನ ಅರ್ಧ ಹೆಂಡತಿ, ಮಕ್ಕಳು ಮತ್ತು ಅವನ ತಾಯಿಗೆ ಸಮಪಾಲು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿ ಮೊದಲ ದರ್ಜೆಯ ವಾರಸುದಾರಳು. ಅತ್ತೆಯ ಪಾಲು ಮುಂದೆ ಮೈದುನ, ನಾದಿನಿಯರಿಗೂ ಹೋಗುತ್ತದೆ. ಆಮೇಲೆ ಫ್ಲ್ಯಾಟ್ ಮಾರಲು ಅವರೆಲ್ಲರ ಸಹಿ ಬೇಕು. ತೆಂಗಿನ ತೋಟದಲ್ಲಿ ನಿಮ್ಮ ಪಾಲನ್ನು ಉಯಿಲಿನಲ್ಲಿ ಬರೆಯಬಹುದು, ಇಡೀ ತೋಟವನ್ನಲ್ಲ. ಅದರಲ್ಲಿ ತಂಗಿಯರಿಗೂ 2005ರ ತಿದ್ದುಪಡಿಯಿಂದ ಸಮಾನ ಹಕ್ಕಿದೆ. ಇದೆಲ್ಲ ರೀಡಿಂಗ್‌ನ ವಕೀಲರಿಗೆ ಗೊತ್ತಿರಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ಮದುವೆಯ ವಿಷಯದಲ್ಲೂ ಎರಡು ದೇಶಗಳ ದಾರಿ ಬೇರೆ. ಇಂಗ್ಲೆಂಡಿನಲ್ಲಿ 1837ರ ಕಾಯ್ದೆಯ ಪ್ರಕಾರ ಮದುವೆಯಾದರೆ ಹಳೆಯ ಉಯಿಲು ಸಾಮಾನ್ಯವಾಗಿ ರದ್ದು. ಇದನ್ನು ತೆಗೆದುಹಾಕಿ ಎಂದು ಅಲ್ಲಿನ ಕಾನೂನು ಆಯೋಗ 2025ರ ಮೇ ತಿಂಗಳಲ್ಲಿ ಹೇಳಿದೆ. ವಯಸ್ಸಾದವರನ್ನು ಪುಸಲಾಯಿಸಿ ಮದುವೆಯಾಗಿ ಆಸ್ತಿ ಹೊಡೆಯುವವರ ಕಾಟ ಅದಕ್ಕೆ ಒಂದು ಕಾರಣ. ಭಾರತದಲ್ಲಿ ಹಿಂದೂಗಳ ಉಯಿಲು ಮದುವೆಯಿಂದ ರದ್ದಾಗುವುದಿಲ್ಲ. ಕ್ರೈಸ್ತರದು ಆಗುತ್ತದೆ. ಮುಸ್ಲಿಮರು ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಯಿಲಿನಲ್ಲಿ ಬರೆಯುವಂತಿಲ್ಲ. ಪಾಲು ಪಡೆಯುವವರು ಸಾಕ್ಷಿ ಹಾಕಿದರೆ ಇಂಗ್ಲೆಂಡಿನಲ್ಲಿ ಅವರ ಪಾಲು ಹೋಗುತ್ತದೆ. ಅವರ ಗಂಡ ಅಥವಾ ಹೆಂಡತಿ ಸಾಕ್ಷಿ ಹಾಕಿದರೂ ಅಷ್ಟೇ. ಯಾವ ದೇಶವಾದರೂ ಮನೆಯವರಿಂದ ಸಾಕ್ಷಿ ಹಾಕಿಸಬೇಡಿ.

ತೆರಿಗೆಯನ್ನು ನಾವು ಮರೆತೇಬಿಡುತ್ತೇವೆ. ಭಾರತ ಸತ್ತವರ ಆಸ್ತಿಯ ಮೇಲಿನ ಸುಂಕವನ್ನು 1985ರಲ್ಲಿ ರದ್ದು ಮಾಡಿತು, ಹಾಗಾಗಿ ನಮ್ಮ ಪೀಳಿಗೆಗೆ ಅದರ ಕಲ್ಪನೆಯೇ ಇಲ್ಲ. ಬ್ರಿಟನ್ನಿನಲ್ಲಿ 3,25,000 ಪೌಂಡ್ ಮೇಲಿನದಕ್ಕೆ 40 ಶೇಕಡಾ. ಗಂಡ ಹೆಂಡತಿ ನಡುವೆ, ಮಕ್ಕಳಿಗೆ ಹೋಗುವ ಮನೆಗೆ ಬೇರೆ ವಿನಾಯಿತಿಗಳಿವೆ. 2025ರ ಏಪ್ರಿಲ್‌ನಿಂದ, ಕಳೆದ 20 ವರ್ಷಗಳಲ್ಲಿ 10 ವರ್ಷ ಅಲ್ಲಿದ್ದವರ ಹೊರದೇಶದ ಆಸ್ತಿಯೂ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರುತ್ತದೆ. ಭಾರತದ ಜೊತೆ 1956ರ ಒಂದು ಹಳೆಯ ಒಪ್ಪಂದ ಇನ್ನೂ ಜಾರಿಯಲ್ಲಿರುವುದರಿಂದ ಕೆಲವರಿಗೆ ರಕ್ಷಣೆ ಸಿಗಬಹುದು. ಅದನ್ನು ತಿಳಿದವರಿಂದಲೇ ಕೇಳಬೇಕು. ಧರ್ಮಾರ್ಥ ಸಂಸ್ಥೆಗೆ ಬಿಟ್ಟದ್ದಕ್ಕೆ ತೆರಿಗೆ ಇಲ್ಲ. ತೆರಿಗೆಗೆ ಒಳಪಡುವ ಆಸ್ತಿಯಲ್ಲಿ ಹತ್ತು ಶೇಕಡಾ ಹಾಗೆ ಬಿಟ್ಟರೆ ಉಳಿದದ್ದರ ಮೇಲಿನ ದರವೂ 40ರಿಂದ 36ಕ್ಕೆ ಇಳಿಯುತ್ತದೆ.

ಆದರೆ ಈ ವಿನಾಯಿತಿ ಬ್ರಿಟನ್ನಿನ ಸಂಸ್ಥೆಗಳಿಗೆ ಮಾತ್ರ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಓದಿದ ಶಾಲೆಗೆ, ಮಠದ ದಾಸೋಹಕ್ಕೆ ಬರೆದರೆ ಸಿಗುವುದಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಪಡೆದವರು ಬಿಟ್ಟ ಹಣ ಇಲ್ಲಿ ವಿದೇಶಿ ದೇಣಿಗೆ ಎನಿಸುವುದರಿಂದ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಅನುಮತಿ ಇಲ್ಲದ ಸಂಸ್ಥೆ ಅದನ್ನು ಪಡೆಯುವಂತೆಯೂ ಇಲ್ಲ. ದಾನಕ್ಕೆ ಕಾನೂನು ಅಡ್ಡ ಬರುವುದು ಹೊಸತೇನಲ್ಲ ಬಿಡಿ. ಇಲ್ಲಿ ಕ್ರೈಸ್ತರು ಧರ್ಮಕಾರ್ಯಕ್ಕೆ ಉಯಿಲು ಬರೆದರೆ, ಹತ್ತಿರದ ಬಂಧುಗಳಿದ್ದಲ್ಲಿ, ಸಾಯುವುದಕ್ಕೆ ಕನಿಷ್ಠ ಒಂದು ವರ್ಷ ಮೊದಲೇ ಬರೆದಿರಬೇಕು ಎಂಬ ನಿಯಮ ಇತ್ತು. ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ತೆಗೆದುಹಾಕಿತು.

ಕರ್ನಾಟಕದಲ್ಲಿ ಇಂಥ ಪುಕ್ಕಟೆ ಉಯಿಲಿನ ತಿಂಗಳು ಇಲ್ಲ, ನಿಜ. ಆದರೆ ಉಯಿಲು ಇಲ್ಲಿ ದುಬಾರಿಯೂ ಅಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಡಲೂಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾಯ್ದೆಯಡಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಸಹಾಯವಾಣಿ 15100. ನಾವು ಅಲ್ಲಿಗೆ ಹೋಗುವುದು ಕೇಸ್ ಬಿದ್ದ ಮೇಲೆ ಮಾತ್ರ. ಕೇಸ್ ಬೀಳದಂತೆ ಬರೆಸುವುದು ಹೇಗೆ ಎಂದು ಕೇಳಲೂ ಹೋಗಬಹುದಲ್ವಾ?

ಹೆಣ್ಣುಮಕ್ಕಳು ಹೋಗಲೇಬೇಕು. ನಾರಾಯಣಿ ದೇವಿ ಎಂಬವರು ಮದುವೆಯಾದ ಮೂರೇ ತಿಂಗಳಿಗೆ ವಿಧವೆಯಾದರು. ಗಂಡನ ಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು, ಕೆಲಸಕ್ಕೆ ಸೇರಿ ದುಡಿದರು. 1996ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಅವರ ಸ್ವಂತ ದುಡಿಮೆಯ ಹಣ ಹೋದದ್ದು ಹೊರಗೆ ಹಾಕಿದ ಆ ಗಂಡನ ಮನೆಯವರಿಗೆ. ಮಕ್ಕಳೂ ಗಂಡನೂ ಇಲ್ಲದ ಹಿಂದೂ ಹೆಣ್ಣಿನ ಸ್ವಂತ ಗಳಿಕೆ ಗಂಡನ ವಾರಸುದಾರರಿಗೆ ಎಂದು ಕಾಯ್ದೆ ಹೇಳುತ್ತದೆ, ಮರುಕದ ಮೇಲೆ ತೀರ್ಪು ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಒಂದು ಬಿಳಿ ಹಾಳೆ, ಇಬ್ಬರು ಸಾಕ್ಷಿಗಳು ಇದ್ದಿದ್ದರೆ ಆ ಹಣ ತಾಯಿಗೆ ಹೋಗುತ್ತಿತ್ತು.

ರೀಡಿಂಗ್‌ನವರಿಗೆ ಮತ್ತೆ ಬರುತ್ತೇನೆ. ಪುಕ್ಕಟೆ ಅಪಾಯಿಂಟ್‌ಮೆಂಟ್‌ಗಳು ಸೀಮಿತ, ಬೇಗ ತುಂಬಿಹೋಗುತ್ತವೆ. ಹಾಗಾಗಿ ತಿಂಗಳು ಶುರುವಾದ ದಿನವೇ ಫೋನ್ ಮಾಡಿ. ಸಮಯ ಕೇಳುವ ಮುಂಚೆ ಇದನ್ನು ಕೇಳಿ: ನನಗೆ ಭಾರತದಲ್ಲಿ ಆಸ್ತಿ ಇದೆ, ಅಲ್ಲಿ ಬೇರೆ ಉಯಿಲು ಇದೆ, ನಿಮ್ಮ ರದ್ದತಿಯ ವಾಕ್ಯದಲ್ಲಿ ಅದನ್ನು ಹೊರಗಿಟ್ಟು ಬರೆಯುತ್ತೀರಾ, ಅದಕ್ಕೆ ಎಷ್ಟಾಗುತ್ತದೆ? ಆ ಕಡೆಯವರು ತಡವರಿಸಿದರೆ ಯೋಜನೆಯ ವಕೀಲರ ಪಟ್ಟಿಯಲ್ಲಿರುವ ಮುಂದಿನ ನಂಬರಿಗೆ ಮಾಡಿ.